ಪೂಜೆಗೆ ಇಡದ ಸ್ಪ್ಯಾನರ್

"ಕಾರು ನಿಲ್ಲಿಸು, ರಾಜೇಶ್!"

"ನಿಲ್ಸಲ್ಲ, ಮೇಡಂ!"

ಚಾಮುಂಡಿ ಬೆಟ್ಟದ ಇಳಿಜಾರು. ಒಂದು ಕಡೆ ಬಂಡೆ. ಇನ್ನೊಂದು ಕಡೆ... ಏನೂ ಇಲ್ಲ! ಬಹಳ ಕೆಳಗೆ ಮೈಸೂರು ಇತ್ತು, ಅಷ್ಟೆ.

ನಾನು ಹಿಂದಿನ ಸೀಟಿನಲ್ಲಿ ಅಡ್ಡಡ್ಡ ಮಲಗಿದ್ದೆ. ಕಿವಿ ಸೀಟಿಗೆ ಒತ್ತಿತ್ತು. ಮೈಮೇಲೆ ಅಮ್ಮನ ಕಾಲದ ಮೈಸೂರು ರೇಷ್ಮೆ ಸೀರೆ. ಬಾಯಲ್ಲಿ ಬೈಗುಳ.

ಟಕ್... ಟಕ್... ಟಕ್...

ಮತ್ತೆ ಅದೇ ಸದ್ದು! ಹತ್ತುವಾಗ ಒಂದು ಸಲ ಕೇಳಿತ್ತು. ನಾನು "ಏನದು?" ಎಂದದ್ದೇ ತಡ, ರಾಜೇಶ ಗರಕ್ಕನೆ ಕಾರು ತಿರುಗಿಸಿ ಕೆಳಮುಖವಾಗಿ ಬಿಟ್ಟಿದ್ದ. ಈಗ ಹಾಡಿನ ವಾಲ್ಯೂಮನ್ನೂ ಏರಿಸಿದ.

"ಸೌಂಡ್ ಕಮ್ಮಿ ಮಾಡು!"

"ಆಯುಧಪೂಜೆ ಅಲ್ವಾ ಮೇಡಂ! ದೇವಿ ಹಾಡು! ಕಮ್ಮಿ ಮಾಡ್ಬಾರ್ದು!"

ನೋಡಿ, ನನಗೆ ಕೋಪ ಬರುವುದು ಒಳ್ಳೆಯದಲ್ಲ. ನನಗಲ್ಲ... ಎದುರಿಗಿರುವವರಿಗೆ!

ನಾನು ಅಲಮೇಲು. ತಾತ ಅರಮನೆಯಲ್ಲಿ ಪಂಚಾಂಗ ಓದುತ್ತಿದ್ದರು. ಅಪ್ಪ ಕಾಲೇಜಿನಲ್ಲಿ ಸಂಸ್ಕೃತ ಹೇಳಿಕೊಡುತ್ತಿದ್ದರು. ನಾನು ಇನ್ಶೂರೆನ್ಸ್ ಸರ್ವೇಯರ್ ಆಗಿದ್ದೆ. ಅಪ್ಪಚ್ಚಿಯಾದ ಕಾರು ನೋಡಿ ತಪ್ಪು ಯಾರದು ಅಂತ ಹೇಳುವ ಕೆಲಸ. ಅದನ್ನು ಬಿಟ್ಟು ಈಗ ಸ್ವಂತ ದಂಧೆ. ನೀವು ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವ ಮೊದಲು ನನ್ನನ್ನು ಕರೆಯಬೇಕು. ಕಾರು ಸುಳ್ಳು ಹೇಳುವುದಿಲ್ಲ ಸ್ವಾಮಿ. ಮಾರುವವನು ಹೇಳುತ್ತಾನೆ.

ಈ ಸಲ ಕರೆದವಳು ಅಕ್ಷತಾ. ವಿಜಯನಗರದಲ್ಲಿ ಬ್ಲೌಸ್ ಹೊಲಿಯುವ ಹುಡುಗಿ. ಅವಳ ಅತ್ತೆ ಬೆಟ್ಟಮ್ಮನಿಗೆ ಬೆಟ್ಟದ ಮೇಲೆ ಹೂವಿನ ಅಂಗಡಿ. ಎರಡೂ ಮಂಡಿ ಸವೆದಿದ್ದರೂ ದಿನಾ ಬಸ್ಸು ಹತ್ತಿ ಇಳಿಯುವ ಹೆಂಗಸು.

"ಅತ್ತೆ ಬಸ್ಸಿನ ಮೆಟ್ಲು ಹತ್ತೋದು ನೋಡಿದ್ರೆ ಕರುಳು ಚುರ್ ಅನ್ನುತ್ತೆ ಮೇಡಂ," ಎಂದಿದ್ದಳು ಅಕ್ಷತಾ. "ನಾನೇ ದಿನಾ ಕಾರಲ್ಲಿ ಬಿಟ್ಟುಬರ್ತೀನಿ. ಕಾರು ಸರಿ ಇದ್ಯಾ ನೋಡಿಬಿಡಿ. ಸಂಜೆ ಅತ್ತೆನ ಬೆಟ್ಟಕ್ಕೆ ಕರ್ಕೊಂಡೋಗ್ಬೇಕು. ಹಬ್ಬದ ದಿನವೇ ಮೊದ್ಲ ಟ್ರಿಪ್ಪು!"

ಕಾರು ಅಂದರೆ ರಾಜೇಶ ಮಾರಾಟಕ್ಕೆ ಇಟ್ಟಿದ್ದ ಈ ಹಳದಿ ಪುಟಾಣಿ. ಇದಕ್ಕೆ ಇಂಜಿನ್ ಹಿಂದೆ. ಅಲ್ಲಿಂದ ಹಿಂದಿನ ಎರಡು ಚಕ್ರಕ್ಕೆ ಒಂದೊಂದು ಕಬ್ಬಿಣದ ದಂಡ. ಅದೇ ಆಕ್ಸಲ್. ದಂಡದ ತುದಿಗಳಲ್ಲಿ ಕೀಲು. ಥೇಟ್ ನಮ್ಮ ಮಂಡಿಯ ಹಾಗೆ! ಕೀಲು ಮುರಿದರೆ ಇಂಜಿನ್ ಹಿಡಿತ ಚಕ್ರಕ್ಕೆ ಹೋಗುವುದಿಲ್ಲ. ಏರಿನಲ್ಲಿ ಕಾರು ಹಿಂದಕ್ಕೆ ಜಾರುತ್ತದೆ. ಮುರಿದ ದಂಡ ಗಿರಗಿರ ತಿರುಗಿ ಪಕ್ಕದ ಬ್ರೇಕ್ ಪೈಪನ್ನೂ ಹರಿಯಬಹುದು. ಆಮೇಲೆ ದೇವಿಯೇ ಗತಿ.

ನಜರ್‌ಬಾದಿನ ಸಪಾಟು ರಸ್ತೆಯಲ್ಲಿ ಈ ಕಾರು ಹಾಲು ಕುಡಿದ ಮಗುವಿನ ಹಾಗೆ ಸುಮ್ಮನಿತ್ತು. ಬೆಟ್ಟ ಹತ್ತತೊಡಗಿತು ನೋಡಿ... ಟಕ್!

ಬೆಟ್ಟದ ಬುಡದ ತಾವರೆಕಟ್ಟೆ ಬಂತು. ಎದುರಿಗೆ ಒಂದು ಹಸು! ರಾಜೇಶ ಬ್ರೇಕ್ ಒತ್ತಲೇಬೇಕಾಯಿತು.

ನಾನು ಬಾಗಿಲು ತೆಗೆದು ಹಾರಿದೆ. ಹಿಂದಿನ ಚಕ್ರದ ಹತ್ತಿರ ಮಂಡಿಯೂರಿ ಬಗ್ಗಿ ನೋಡಿದೆ.

ಇಡೀ ಕಾರಿನ ಹೊಟ್ಟೆಗೆ ಕೆಸರು ಮೆತ್ತಿತ್ತು. ಎಡಗಡೆಯ ಕೀಲಿನ ಮೇಲಿನ ರಬ್ಬರ್ ಚೀಲ ಮಾತ್ರ ಹೊಸದು. ಮಿರಮಿರ ಮಿಂಚುತ್ತಿತ್ತು! ಬಿಸಿ ಗಾಳಿಯ ಜೊತೆ ಏನೋ ಸಿಹಿ ವಾಸನೆ ಬೇರೆ.

"ರಾಜೇಶ್, ಈ ಕೀಲು ಯಾವಾಗ ಬಿಚ್ಚಿದ್ದೆ?"

ಕಾರು ಗುರ್ರ್ ಎಂದಿತು. ಹೊಗೆ ಬಂತು!

ಕೈ ಎಳೆದುಕೊಂಡೆ. ಟೈರು ನನ್ನ ಬಳೆಯನ್ನು ಸವರಿಕೊಂಡು ಹೋಯಿತು. ಕಾರು ನಾಪತ್ತೆ!

ಅವನ ಲೆಕ್ಕಾಚಾರ ನನಗೆ ತಕ್ಷಣ ಹೊಳೆಯಿತು. ನೀವು ಮೈಸೂರಿನವರಾದರೆ ನಿಮಗೂ ಹೊಳೆದಿರುತ್ತದೆ. ಆಯುಧಪೂಜೆ! ಒಂದು ಸಲ ಕುಂಕುಮ ಇಟ್ಟು ಮಂಗಳಾರತಿ ಎತ್ತಿದರೆ ಮುಗಿಯಿತು. ಮಾರನೆಯ ದಿನ ಪೂಜೆ ಕದಲಿಸುವ ತನಕ ಊರಲ್ಲಿ ಒಬ್ಬನೂ ಸ್ಪ್ಯಾನರ್ ಮುಟ್ಟುವುದಿಲ್ಲ. ಅಷ್ಟರಲ್ಲಿ ಅತ್ತೆ ಸೊಸೆ ಬೆಟ್ಟದ ಅರ್ಧದಲ್ಲಿರುತ್ತಾರೆ. ಟಕ್ ಎಂದರೆ... ಥೂ, ಬಿಡ್ತು ಅನ್ನಿ!

ನಾನು ಪೂಜೆಗೆ ಮುಂಚೆ ನಜರ್‌ಬಾದಿನ ಅವನ ಅಂಗಡಿ ಸೇರಬೇಕು!

ಮರದಡಿ ಒಂದು ಆಟೋ. ಅದರ ಮೂತಿಗೆ ಎರಡು ಬಾಳೆಕಂದು. ಗಾಜಿನ ತುಂಬಾ ಚೆಂಡು ಹೂವು. ಡ್ರೈವರ್ ಬೂದುಗುಂಬಳಕಾಯಿ ಎತ್ತಿ ಹಿಡಿದು ನಿಂತಿದ್ದ.

"ನಜರ್‌ಬಾದ್!" ಎಂದೆ, ಒಳಗೆ ನುಗ್ಗುತ್ತಾ.

"ಕುಂಬ್ಳಕಾಯಿ ಒಡೀಬೇಕು ಮೇಡಂ..."

"ದಾರೀಲಿ ಒಡಿ! ಆ ಹಳದಿ ಕಾರಿನ ಮೇಲೆ ಒಡೆದ್ರೂ ಸರಿ!"

ಹೊರಟೆವು. ಅವನಿಗೆ ಮುಂದೆ ಏನೂ ಕಾಣುತ್ತಿರಲಿಲ್ಲ. ಹೂವು! ನಾನು ಪಕ್ಕದಿಂದ ತಲೆ ಹೊರಗೆ ಹಾಕಿ ಕೂಗುತ್ತಿದ್ದೆ.

"ಎಡಕ್ಕೆ!"

"ಎಷ್ಟು ಎಡಕ್ಕೆ?"

"ಬಸ್ಸು ಬರ್ತಿದೆ, ಅಷ್ಟು ಎಡಕ್ಕೆ!"

ರೇಸ್‌ಕೋರ್ಸ್ ಪಕ್ಕದಲ್ಲಿ ಹಳದಿ ಬಾಲ ಕಂಡಿತು. ಝೂ ಹತ್ತಿರ ಹೋದರೆ ದಸರಾ ಜನ! ಜನವೋ ಜನ! ಸೌತೆಕಾಯಿ, ಬಲೂನು, ಪೀಪಿ... ಹಳದಿ ಕಾರು ಸಣ್ಣದು, ಸಂದಿಯಲ್ಲಿ ತೂರಿತು. ನಮ್ಮ ಬಾಳೆಕಂದು ಒಬ್ಬ ಪೊಲೀಸಿನವನ ಟೋಪಿಯನ್ನು ಎತ್ತಿಕೊಂಡು ಬಂತು.

"ಏಯ್, ನಿಲ್ಸೋ!"

"ನಿಲ್ಸಬೇಡ," ಎಂದೆ.

"ನಿಲ್ಸೋದು ಎಂಗೆ ಮೇಡಂ, ಪೊಲೀಸ್ ಎಲ್ಲವ್ನೆ ಅಂತ್ಲೇ ಕಾಣ್ತಿಲ್ಲ!"

ಟೋಪಿಯನ್ನು ಬಿಡಿಸಿ ಹಿಂದಕ್ಕೆ ಎಸೆದೆ. ಒಳ್ಳೆಯ ಗುರಿ. ಅವನ ಕೈಗೇ ಬಿತ್ತು.

ಆದರೂ ತಡವಾಯಿತು.

ರಾಜೇಶನ ಕಾರ್ ಬಜಾರಿನ ಅಂಗಳಕ್ಕೆ ಕಾಲಿಟ್ಟಾಗ ಗಂಟೆ ಬಾರಿಸುತ್ತಿತ್ತು. ಕರ್ಪೂರದ ಹೊಗೆ. ಹಳದಿ ಕಾರಿನ ಕೊರಳಿಗೆ ಹಾರ, ಚಕ್ರದ ಕೆಳಗೆ ನಿಂಬೆಹಣ್ಣು. ಪಕ್ಕದಲ್ಲಿ ರಾಜೇಶನ ಸ್ವಂತ ಗಾಡಿ, ಆನೆಯಂಥ ಕರಿ ಎಸ್‌ಯುವಿ, ಅದಕ್ಕೂ ಹಾರ. ಮಣೆಯ ಮೇಲೆ ಅವನ ಅಷ್ಟೂ ಸ್ಪ್ಯಾನರು, ಸುತ್ತಿಗೆ, ಕಟಿಂಗ್ ಪ್ಲೇಯರು. ಎಲ್ಲಕ್ಕೂ ಅರಿಶಿನ ಕುಂಕುಮ! ಕಾರು ಒಯ್ಯಲು ಬಂದ ಅಕ್ಷತಾ, ಬೆಟ್ಟಮ್ಮ ಅಲ್ಲೇ ಇದ್ದರು.

ರಾಜೇಶ ಆರತಿ ತಟ್ಟೆ ನನ್ನ ಮುಂದೆ ಹಿಡಿದ. ನಕ್ಕ.

"ತಗೊಳ್ಳಿ ಮೇಡಂ. ಪೂಜೆ ಆಯ್ತು."

ಆರತಿ ತೆಗೆದುಕೊಂಡೆ. ದೇವಿಯ ಮೇಲೆ ನನಗೇನೂ ಸಿಟ್ಟಿರಲಿಲ್ಲ.

"ಅಕ್ಷತಾ, ಈ ಕಾರಲ್ಲಿ ಬೆಟ್ಟಕ್ಕೆ ಹೋಗ್ಬೇಡಿ. ಎಡಗಡೆ ಕೀಲು ಹೋಗಿದೆ. ಆಕ್ಸಲ್ ಬಿಚ್ಚಿ ನೋಡ್ಬೇಕು. ಈಗಲೇ!"

ಅಕ್ಷತಾಳ ಮುಖ ಬಾಡಿತು. ಅತ್ತೆಯ ಕಡೆ ನೋಡಿದಳು. ಬೆಟ್ಟಮ್ಮ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕಾಲು ನೀಡಿ ಕೂತು ಮಂಡಿ ನೀವಿಕೊಳ್ಳುತ್ತಿದ್ದರು.

"ಏನವ್ವಾ ನೀನು! ಬಿಚ್ಚೋದಾ?" ಎಂದರು ಬೆಟ್ಟಮ್ಮ. "ಪೂಜೆ ಆಗೋಗದೆ. ಆಯ್ದಕ್ಕೆ ಕುಂಕ್ಮ ಬಿದ್ದದೆ. ಇವತ್ತು ಸ್ಪಾನರ್ ಮುಟ್ಟಿದ್ರೆ ತಾಯಿ ಸುಮ್ಕೆ ಬುಟ್ಟಾಳಾ?"

"ಅದೇ ಅಮ್ಮಾ ನಾನೂ ಹೇಳೋದು," ಎಂದ ರಾಜೇಶ, ಬೆಣ್ಣೆಯಂಥ ದನಿಯಲ್ಲಿ. "ಅಲಮೇಲು ಮೇಡಂ ಇನ್ನೊಂದು ಅಂಗಡಿಯಿಂದ ಕಮಿಷನ್ ತಗೋತಾರೆ. ಅದಕ್ಕೆ ನನ್ನ ಕಾರು ಕೆಟ್ಟದು ಅಂತಾರೆ."

ನಾನು ಕೈ ಎತ್ತಲಿಲ್ಲ. ರೇಷ್ಮೆ ಸೀರೆಯಲ್ಲಿ ಹೊಡೆದರೆ ರವಿಕೆಯ ತೋಳು ಹರಿಯುತ್ತದೆ.

ಪಕ್ಕದ ಶೆಡ್ಡಿಗೆ ಹೋದೆ. ಚೆಲುವರಾಜು ಅಲ್ಲಿನ ಮೆಕ್ಯಾನಿಕ್. ನನಗೆ ಹಳೆಯ ಪರಿಚಯ. ಹೊಸ ಪಂಚೆ ಉಟ್ಟು ಪುರಿ ತಿನ್ನುತ್ತಾ ಕೂತಿದ್ದ.

"ಚೆಲುವರಾಜು, ಒಂದು ಆಕ್ಸಲ್ ಬಿಚ್ಚಬೇಕು."

"ನಾಳಿಕ್ ಬನ್ನಿ."

"ಎರಡು ಜೀವದ ವಿಷಯ ಕಣೋ!"

ಅವನ ಕೈ ಪುರಿಯಲ್ಲೇ ನಿಂತಿತು. "ಅಂಗಂದ್ರೆ ನಂಗೂ ಕಷ್ಟ ಆಯ್ತದೆ ಅಲಮೇಲಮ್ಮ. ಆದ್ರೆ ಎಲ್ಲಾ ಟೂಲೂ ಪೂಜೇಲಿ ಅದೆ. ನಮ್ಮಪ್ಪನ ಕಾಲ್ದಿಂದ ಮುಟ್ಟಿಲ್ಲ. ಬಂದು ನಿಂತ್ಕತೀನಿ. ಕೈ ಮಾತ್ರ ಆಕಲ್ಲ."

ಬಂದ. ಕೈಕಟ್ಟಿ ನಿಂತ. ರಾಜೇಶನಿಗೆ ಇನ್ನೂ ಖುಷಿ.

"ಇಡೀ ಮೈಸೂರು ಸುತ್ತಿ ಬನ್ನಿ ಮೇಡಂ," ಎಂದ. "ಇವತ್ತು ಕುಂಕುಮ ಇಲ್ಲದ ಸ್ಪ್ಯಾನರ್ ಒಂದು ತೋರ್ಸಿ. ನಾನೇ ಬಿಚ್ಚಿ ಕೊಡ್ತೀನಿ!"

ಕುಂಕುಮ ಇಲ್ಲದ ಸ್ಪ್ಯಾನರ್...

ಒಂದು ನಿಮಿಷ ಇರಿ. ನಿಮ್ಮ ಮನೆಯ ಆಯುಧಪೂಜೆ ನೆನಪು ಮಾಡಿಕೊಳ್ಳಿ. ಈಳಿಗೆಮಣೆ, ಚಾಕು, ತುರಿಯುವ ಮಣೆ, ಎಲ್ಲವನ್ನೂ ದೇವರ ಮುಂದೆ ಇಡುತ್ತೀರಿ. ಮಧ್ಯಾಹ್ನ ಹುಳಿಗೆ ತರಕಾರಿ ಹೆಚ್ಚುವುದು ಯಾವುದರಲ್ಲಿ? ಹಲ್ಲಿನಲ್ಲೇ? ಒಂದು ಚಾಕು ಹಿಂದೆ ಇಟ್ಟಿರುತ್ತೀರಿ! ನಮ್ಮಮ್ಮ ಅಕ್ಕಿ ಡಬ್ಬದ ಹಿಂದೆ ಇಡುತ್ತಿದ್ದರು. ದೇವರಿಗೂ ಗೊತ್ತು, ಮನೆಯವರಿಗೂ ಗೊತ್ತು. ಬಾಯಿಬಿಟ್ಟು ಯಾರೂ ಹೇಳುವುದಿಲ್ಲ.

ಚೆಲುವರಾಜುವಿನ ಕಡೆ ತಿರುಗಿದೆ.

"ನಿಂದು ಎಲ್ಲಿಟ್ಟಿದ್ದೀಯ?"

"ಏನು?"

"ಪೂಜೆಗೆ ಇಡದೇ ಇರೋದು!"

ಅವನು ಕಿವಿ ಕೆರೆದುಕೊಂಡ. ಹೊಸ ಮದುವಣಗಿತ್ತಿಯ ಹಾಗೆ ನಾಚಿದ.

"ಸ್ಕೂಟ್ರು ಸೀಟ್ ಕೆಳ್ಗೆ... ಯಾರ್ದಾದ್ರೂ ಗಾಡಿ ಕೆಟ್ರೆ ಬೇಕಲ್ಲಾ ಅಂತ. ಚಿಕ್ಕ ಚಿಕ್ಕವು ಕಣ್ರೀ. ಆಕ್ಸಲ್ ನಟ್ಟಿನ ಮೇಲೆ ಟೋಪಿಯಂಗೆ ಕೂರೋ ದೊಡ್ಡ ಸಾಕೆಟ್ ಇಲ್ಲ."

"ಬೆಟ್ಟಮ್ಮ, ನಿಮ್ಮದು?"

ಬೆಟ್ಟಮ್ಮ ಸೆರಗು ಬಿಗಿ ಮಾಡಿಕೊಂಡರು. "ನಂದೇನು?"

"ಹೂವಿನ ದಾರ ಕತ್ತರಿಸೋಕೆ?"

ಆಚೀಚೆ ನೋಡಿದರು. ಆಮೇಲೆ ಸೊಂಟದಿಂದ ಪುಟ್ಟ ಕತ್ತರಿ ಹೊರಬಂತು.

"ಅಂಗಡಿಯೋರ್ಗೆ ಕತ್ರಿ ಬ್ಯಾಡ್ವಾ?" ಎಂದು ರೇಗಿದರು. "ಇವತ್ತೇ ಅಲ್ವಾ ಯಾಪಾರ! ತಾಯಿಗೆ ಏಳಿ ಮಡಿಕ್ಕಂಡಿವ್ನಿ!"

"ಅಂದ್ರೆ ತಾಯಿ ಒಂದಕ್ಕೆ ರಜಾ ಕೊಟ್ಟಿದ್ದಾಳೆ," ಎಂದೆ. "ಹಾಗಾದ್ರೆ ರಾಜೇಶಂದೂ ಒಂದಿರಲೇಬೇಕು!"

ರಾಜೇಶನ ನಗು ಸ್ವಲ್ಪ ಕೆಳಗಿಳಿಯಿತು.

"ನಂದಿಲ್ಲ ಮೇಡಂ. ನಾನು ದೈವಭಕ್ತ."

ಅವನ ಬಾಯಿ ನನ್ನ ಜೊತೆ ಮಾತಾಡುತ್ತಿತ್ತು. ಕಣ್ಣು ಮೂಲೆಗೆ ಹೋಗಿ ಬಂತು. ಅಲ್ಲಿ ಒಂದು ಗೋಣಿಚೀಲ. ಅದರ ಮೇಲೆ ಒಡೆಯಲು ತಂದ ಬೂದುಗುಂಬಳಕಾಯಿಗಳ ರಾಶಿ.

ನಾನು ನಡೆದೆ. ಅವನು ಅಡ್ಡ ಬಂದ.

"ಮೇಡಂ, ಅದು ದೃಷ್ಟಿ ತೆಗೆಯೋ ಕಾಯಿ! ಮುಟ್ಬಾರ್ದು!"

"ಹಾಗಾದ್ರೆ ತಗೋ, ನೀನೇ ಹಿಡ್ಕೋ!"

ಒಂದು ಕಾಯಿ ಎತ್ತಿ ಅವನ ತೋಳಿಗೆ ಕೊಟ್ಟೆ. ಇನ್ನೊಂದು ಕೊಟ್ಟೆ. ಮತ್ತೊಂದು ಕೊಟ್ಟೆ. ಬೂದುಗುಂಬಳಕಾಯಿ ತಬ್ಬಿಕೊಂಡ ಗಂಡಸು ಯಾರನ್ನೂ ತಡೆಯಲಾರ. ಬೀಳಿಸಿದರೆ ಹಬ್ಬದ ದಿನ ಅಪಶಕುನ!

ಚೀಲ ಎಳೆದೆ. ಠಣ್!

ಬಟ್ಟೆಯ ಸುರುಳಿ ಬಿಚ್ಚಿದೆ. ದೊಡ್ಡ ಸಾಕೆಟ್, ಉದ್ದನೆಯ ಪೈಪು, ಮೀಟುವ ಸರಳು. ಕುಂಕುಮ ಇಲ್ಲ. ಮಣೆಯ ಮೇಲಿನವೆಲ್ಲ ಸೀಮೆಎಣ್ಣೆಯಲ್ಲಿ ತೊಳೆದು ಫಳಫಳ ಹೊಳೆಯುತ್ತಿದ್ದವು. ಪೂಜೆಗೆ ಇಡದ ಇವನ್ನು ತೊಳೆಯುವ ಗೋಜಿಗೆ ಅವನು ಹೋಗಿರಲಿಲ್ಲ. ಗ್ರೀಸ್ ಹಸಿಯಾಗಿಯೇ ಇತ್ತು.

ಸಾಕೆಟ್ಟಿನ ಮೇಲೆ ಇರುವೆ ಮುತ್ತಿದ್ದವು.

ಕಟ್ಟಿರುವೆ. ಸಾಲು ಸಾಲು!

"ಚೆಲುವರಾಜು, ಗ್ರೀಸಿಗೆ ಇರುವೆ ಬರುತ್ತಾ?"

ಅವನು ಬಗ್ಗಿ ನೋಡಿದ. ಹುಬ್ಬು ಮೇಲಕ್ಕೆ ಹೋಯಿತು.

"ನನ್ ಸರ್ವಿಸಲ್ಲಿ ನೋಡಿಲ್ಲ ಅಲಮೇಲಮ್ಮ."

"ಬೆಟ್ಟಮ್ಮ," ಎಂದೆ, "ಹಬ್ಬದ ದಿನ ಮಂಡಿ ಹಿಡ್ಕೊಂಡ್ರೆ ಡಾಕ್ಟ್ರ ಹತ್ರ ಹೋಗಲ್ವಾ? ಇದೂ ಹಾಗೇ. ಕುಂಕುಮ ಇಲ್ಲದ ಆಯುಧ ಸಿಕ್ಕಿದೆ. ನೀವು ಹೂಂ ಅನ್ನಿ. ಬೇಡ ಅಂದ್ರೆ ನಾನು ಮನೆಗೆ ಹೋಗ್ತೀನಿ. ಆದ್ರೆ ಆ ಸೀಟಿನಲ್ಲಿ ನಿಮ್ಮ ಪಕ್ಕ ನಿಮ್ಮ ಸೊಸೆ ಇರ್ತಾಳೆ. ಅದನ್ನ ಯೋಚ್ನೆ ಮಾಡಿ."

ಬೆಟ್ಟಮ್ಮ ಅಕ್ಷತಾಳನ್ನು ನೋಡಿದರು. ಬಹಳ ಹೊತ್ತು ನೋಡಿದರು. ಆ ಒರಟು ಮುಖ ಮೆತ್ತಗಾಯಿತು. ನನಗೆ ಆ ಹೆಂಗಸಿನ ಮೇಲೆ ಪ್ರೀತಿ ಹುಟ್ಟಿದ್ದು ಆಗಲೇ.

"ಬಿಚ್ಚವ್ವಾ," ಎಂದರು. "ತಾಯಿ ಬೈದ್ರೆ ನನ್ನ ಬೈಲಿ."

ಶುರು!

ಆಕ್ಸಲ್ ಬಿಚ್ಚುವ ಮೊದಲ ನಿಯಮ ಗೊತ್ತೇ? ನಡುವಿನ ದೊಡ್ಡ ನಟ್ಟನ್ನು ಚಕ್ರ ನೆಲದ ಮೇಲೆ ಇದ್ದಾಗಲೇ ಸಡಿಲ ಮಾಡಬೇಕು. ಎತ್ತಿದ ಮೇಲೆ ಚಕ್ರ ತಿರುಗುತ್ತದೆ, ನಟ್ಟು ನಗುತ್ತದೆ. ಸಾಕೆಟ್ ಕೂರಿಸಿದೆ. ಪೈಪು ಸೇರಿಸಿದೆ. ಒತ್ತಿದೆ. ಅಲ್ಲಾಡಲಿಲ್ಲ.

"ಕೈಯಲ್ಲಿ ಬರಕಿಲ್ಲ ಕಣಮ್ಮ! ಅತ್ತಿ ನಿಂತ್ಕಳಿ!" ಎಂದ ಚೆಲುವರಾಜು, ಕಟ್ಟಿದ ಕೈಯನ್ನು ಇನ್ನೂ ಬಿಗಿಯಾಗಿ ಕಟ್ಟಿಕೊಂಡು.

ಸೀರೆ ಎತ್ತಿ ಕಟ್ಟಿ ಪೈಪಿನ ಮೇಲೆ ಹತ್ತಿ ನಿಂತೆ. ಅಕ್ಷತಾಳೂ ಹತ್ತಿದಳು. ಇಬ್ಬರೂ ಒಂದು ಸಲ ಜಿಗಿದೆವು.

ಖಟ್! ನಟ್ಟು ಶರಣಾಯಿತು.

ಮುಂದಿನ ಬಾನೆಟ್ ಎತ್ತಿದೆ. ಬೆಟ್ಟಮ್ಮ ಎದೆ ಹಿಡಿದುಕೊಂಡರು.

"ಅಯ್ಯೋ ಶಿವನೇ! ಇಂಜಿನ್ನೇ ಇಲ್ವಲ್ಲವ್ವಾ!"

"ಇಂಜಿನ್ ಹಿಂದೆ ಇದೆ ಅತ್ತೆ," ಎಂದಳು ಅಕ್ಷತಾ.

ಅಲ್ಲಿ ಇದ್ದದ್ದು ಸ್ಟೆಪ್ನಿ, ಜಾಕ್, ಚಕ್ರ ಬಿಚ್ಚುವ ಪಾನಾ. ಜಾಕ್ ಕೊಟ್ಟು ಹಿಂಭಾಗ ಎತ್ತಿದೆ. ಚಕ್ರ ತೆಗೆದೆ. ಆ ಚಕ್ರವನ್ನು ಕಾರಿನ ಕೆಳಗೆ ಅಡ್ಡಲಾಗಿ ತಳ್ಳಿದೆ. ಸ್ಟೆಪ್ನಿಯನ್ನೂ ಅದರ ಮೇಲೆ ಹೇರಿದೆ. ಜಾಕನ್ನು ನಂಬಿ ಕಾರಿನಡಿ ಹೋದವರ ಫೈಲುಗಳನ್ನು ನಾನು ಬಹಳ ನೋಡಿದ್ದೇನೆ ಸ್ವಾಮಿ.

ಚೆಲುವರಾಜುವಿನ ಚಿಕ್ಕ ಸ್ಪ್ಯಾನರ್‌ಗಳು ಬಂದವು. ಕೆಳಗಿನ ತೋಳಿನ ಬೋಲ್ಟು ಬಿಚ್ಚಿದೆ. ಚಕ್ರ ಕೂರುವ ತಟ್ಟೆಯನ್ನು ಹೊರಕ್ಕೆ ಎಳೆದೆ. ದಂಡದ ಹೊರತುದಿ ಜಾರಿ ಬಂತು.

"ಅಂಗಲ್ಲ! ಅಂಗಲ್ಲ ಕಣಮ್ಮ! ಸರಳಲ್ಲಿ ಒಡೀಬ್ಯಾಡಿ, ಮರ್ಯಾದೆಯಾಗಿ ಎಳೀರಿ! ಅಯ್ಯಯ್ಯೋ..." ಚೆಲುವರಾಜು ಸಂಕಟಪಟ್ಟ. ಅವನ ಕೈ ಎರಡು ಸಲ ಮುಂದೆ ಬಂತು. ಎರಡು ಸಲವೂ ತಾನೇ ಹೊಡೆದುಕೊಂಡು ಹಿಂದೆ ಎಳೆದುಕೊಂಡ.

ಒಳತುದಿ ಗೇರ್‌ಬಾಕ್ಸಿನಲ್ಲಿ ಕಚ್ಚಿಕೊಂಡಿತ್ತು. ಅದಕ್ಕೆ ಕೆಳಗೆ ಹೋಗಿ ಸರಳಿನಿಂದ ಮೀಟಲೇಬೇಕು. ಅಂಗಾತ ಮಲಗಿ ತೂರಿದೆ. ಅಮ್ಮಾ, ನಿನ್ನ ಸೀರೆ... ಕ್ಷಮಿಸು!

ಮೀಟಿದೆ. ಬರಲಿಲ್ಲ.

ಆಗ ಕಂಡಿತು. ಜಾಕಿನ ಪಕ್ಕದಲ್ಲಿ ಒಂದು ಜೊತೆ ಶೂ. ಪಾಲಿಶ್ ಮಾಡಿದ್ದು. ರಾಜೇಶನದು!

"ಮೇಡಂ," ಎಂದ, ಯಾರಿಗೂ ಕೇಳದ ಹಾಗೆ. "ಹೊರಗೆ ಬನ್ನಿ. ಹಾಗೇ ಮುಚ್ಚಿಬಿಡಿ. ಕಾರು ಸರಿ ಇದೆ ಅನ್ನಿ."

"ಇಲ್ಲಾಂದ್ರೆ?"

"ಜಾಕ್ ಹಳೇದು ಮೇಡಂ. ನನ್ನ ಕಾಲೂ ಸರಿ ಇಲ್ಲ. ಜಾರುತ್ತೆ."

ನನ್ನ ಮೂಗಿನ ಮೇಲೆ ಗೇರ್‌ಬಾಕ್ಸ್. ಪಕ್ಕದಲ್ಲಿ ಅವನ ಕಾಲು. ಹೆದರಿಕೆ ಆಯಿತೇ ಅಂತ ಕೇಳುತ್ತೀರಾ? ಆಯಿತು! ಬೆವರು ಕಿವಿಯೊಳಗೆ ಇಳಿಯಿತು. ಆದರೆ ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು.

"ಜಾರಲಿ," ಎಂದೆ.

ಜಾರಿತು!

ಜಾಕ್ ಉರುಳಿತು. ಅಕ್ಷತಾ ಕಿರುಚಿದಳು. ಕಾರು ದಡ್ ಎಂದು ಕುಸಿಯಿತು...

ಎರಡು ಟೈರುಗಳ ಮೇಲೆ. ಬುಸ್ ಎಂದು ಕೂತುಬಿಟ್ಟಿತು. ಗೇರ್‌ಬಾಕ್ಸಿಗೂ ನನ್ನ ಮೂಗಿಗೂ ಮಧ್ಯೆ ಒಂದು ಬೆರಳು ಜಾಗ. ನಮ್ಮ ವಂಶದಲ್ಲಿ ಮೂಗು ಸ್ವಲ್ಪ ಉದ್ದ. ಆದರೂ ಬಚಾವ್!

ಬಿದ್ದ ಹೊಡೆತಕ್ಕೆ ಇನ್ನೊಂದು ಕೆಲಸವೂ ಆಯಿತು. ಸರಳು ಅಲ್ಲೇ ಸಿಕ್ಕಿಸಿದ್ದೆನಲ್ಲ? ಕಾರಿನ ಭಾರವೇ ಅದನ್ನು ಒತ್ತಿತು. ಫಟ್ ಎಂದು ಆಕ್ಸಲ್ ಒಳತುದಿ ಕಿತ್ತು ನನ್ನ ಹೊಟ್ಟೆಯ ಮೇಲೆ ಬಿತ್ತು. ಅದರ ಹಿಂದೆಯೇ ಗೇರ್ ಆಯಿಲ್ ಸುರಿಯಿತು.

ತೆವಳಿಕೊಂಡು ಹೊರಗೆ ಬಂದೆ. ಎದ್ದು ನಿಂತೆ. ಕೈಯಲ್ಲಿ ಉದ್ದನೆಯ ಆಕ್ಸಲ್. ಮೈಯೆಲ್ಲ ಕಪ್ಪು ಎಣ್ಣೆ. ಕೂದಲು ಕೆದರಿತ್ತು. ಬೆಟ್ಟಮ್ಮ ಗಾಬರಿಯಾಗಿ ಎರಡೂ ಕೈ ಎತ್ತಿ ಮುಗಿದೇಬಿಟ್ಟರು.

"ಕಾಲು ಜಾರ್ತು ಮೇಡಂ..." ಎಂದ ರಾಜೇಶ.

ಚೆಲುವರಾಜು ಅವನ ಹಿಂದೆ ಹೋಗಿ ಗೇಟಿನ ಚಿಲಕ ಹಾಕಿದ. "ಟೂಲ್ ಮುಟ್ಟಂಗಿಲ್ಲ ಅಷ್ಟೇಯ," ಎಂದ. "ನಿನ್ನ ಮುಟ್ಟಬೌದು."

ಆಕ್ಸಲನ್ನು ಪ್ಲಾಸ್ಟಿಕ್ ಕುರ್ಚಿಯ ಮೇಲೆ ಇಟ್ಟೆ. "ಬೆಟ್ಟಮ್ಮ, ಕತ್ತರಿ!"

ಹೂವಿನ ಕತ್ತರಿ ಹೊಸ ರಬ್ಬರನ್ನು ಕರಕರ ಕತ್ತರಿಸಿತು. ಚೀಲ ಬಾಯಿ ಬಿಟ್ಟಿತು.

ಘಮ್ ಎಂದಿತು!

ಗ್ರೀಸ್ ವಾಸನೆಯಲ್ಲ. ಪಂಚಾಮೃತದ ವಾಸನೆ! ಒಳಗೆ ತುಂಬಿದ್ದು ಹಳದಿ ಮುದ್ದೆ. ಬೆರಳಲ್ಲಿ ತೆಗೆದು ಮೂಸಿದೆ.

"ಬಾಳೆಹಣ್ಣು," ಎಂದೆ.

ಗುಡಿಯ ಮುಂದೆ ಅಂಗಡಿ ಇಟ್ಟವರ ಮೂಗು ಸುಳ್ಳು ಹೇಳುತ್ತದೆಯೇ? ಬೆಟ್ಟಮ್ಮ ಬಗ್ಗಿ ಮೂಸಿದರು. "ಬರೀ ಬಾಳೆಅಣ್ಣಲ್ಲ ಕಣವ್ವಾ," ಎಂದರು. "ನಂಜನಗೂಡು ರಸಬಾಳೆ!"

ಹಳೆಯ ಕಳ್ಳಾಟ ಸ್ವಾಮಿ ಇದು. ಸವೆದ ಕೀಲಿಗೆ ಗ್ರೀಸಿನ ಜೊತೆ ಬಾಳೆಹಣ್ಣು ಕಲಸಿ ಗಟ್ಟಿಯಾಗಿ ತುಂಬಿದರೆ ಒಂದೆರಡು ದಿನ ಸದ್ದು ಅಡಗುತ್ತದೆ. ಗಿರಾಕಿ ಮನೆ ಮುಟ್ಟುವ ತನಕ. ಆದರೆ ಬೆಟ್ಟದ ಏರಿಗೆ ಕೀಲು ಕಾದು ಹಣ್ಣು ಸಡಿಲವಾಗಿತ್ತು, ಸದ್ದು ಹೊರಬಿದ್ದಿತ್ತು.

ರಾಜೇಶನ ಹೆಗಲ ಮೇಲಿನ ಜರಿ ಶಲ್ಯ ಎಳೆದು ಕೀಲನ್ನು ಒರೆಸಿದೆ. ಒಳಗಿನ ಉಕ್ಕಿನ ಗುಂಡುಗಳು ಕಂಡವು. ನುಣ್ಣಗೆ ಇರಬೇಕಾದವು ಸಿಡುಬು ಎದ್ದ ಹಾಗೆ ತೂತು ತೂತು. ಒಂದಂತೂ ಸೀಳಿ ಎರಡು ಹೋಳು. ಅವುಗಳನ್ನು ಹಿಡಿದಿಡುವ ಬಳೆ ಸೀಳಿತ್ತು. ಕೈಯಲ್ಲಿ ತಿರುಗಿಸಿದೆ. ಟಕ್ ಎಂದು ಆ ಬಳೆ ಮುರಿದು ಗುಂಡುಗಳು ನೆಲಕ್ಕೆ ಉದುರಿ ಅಂಗಳದ ತುಂಬಾ ಉರುಳಿದವು.

ಕೈಯಲ್ಲೇ ಮುರಿದ ಕೀಲು! ಅದೇ ಬೆಟ್ಟದ ತಿರುವಿನಲ್ಲಿ...

ಅಕ್ಷತಾ ಅಲ್ಲೇ ಕುಕ್ಕರಿಸಿ ಕೂತಳು. ಅತ್ತೆಯ ಮಂಡಿಯ ಮೇಲೆ ತಲೆಯಿಟ್ಟು ಅತ್ತಳು. ಬೆಟ್ಟಮ್ಮ ಅವಳ ತಲೆ ಸವರಿದರು. ಆಮೇಲೆ ನಿಧಾನವಾಗಿ ಎದ್ದರು. ಮಂಡಿ ಲಟಕ್ ಎಂದಿತು. ಕೀಲಿನಿಂದ ಒಂದು ಬೆರಳಷ್ಟು ಮುದ್ದೆ ತೆಗೆದು ರಾಜೇಶನ ಮುಂದೆ ಹಿಡಿದರು.

"ಪೂಜೆ ಆಗದೆ," ಎಂದರು. "ಪ್ರಸಾದ. ತಿನ್ನು!"

"ಅಮ್ಮಾ... ಅದು ಗ್ರೀಸು..."

"ತಿನ್ನೋ ಬಡ್ಡೈದ್ನೆ!"

ಚೆಲುವರಾಜು ಕಟ್ಟಿದ್ದ ಕೈ ಬಿಚ್ಚಿದ.

ರಾಜೇಶ ತಿಂದ.

"ಈಗ ಕೇಳು," ಎಂದರು ಬೆಟ್ಟಮ್ಮ. "ಮೈಸೂರಲ್ಲಿ ಒಸಾ ಗಾಡಿ ತಗಂಡೋರೆಲ್ಲಾ ಪೂಜೆಗೆ ಬೆಟ್ಟಕ್ಕೇ ಬತ್ತಾರೆ. ನನ್ತಾವೇ ಹಾರ ತಗತಾರೆ. ಒಬ್ಬೊಬ್ರಿಗೂ ನಿನ್ ಕತೆ ಏಳ್ತೀನಿ. ಹಾರಕ್ಕೆ ಕತೆ ಫ್ರೀ!"

ರಾಜೇಶ ನನ್ನ ಕಾಲಿಗೆ ಬಿದ್ದ. "ಮೇಡಂ, ನೀವಾದ್ರೂ ಹೇಳಿ! ವ್ಯಾಪಾರ ಕ್ಯಾನ್ಸಲ್. ಏನು ಬೇಕಾದ್ರೂ ಮಾಡ್ತೀನಿ!"

"ಏನು ಬೇಕಾದ್ರೂ?"

"ಏನು ಬೇಕಾದ್ರೂ!"

"ಬೆಟ್ಟಮ್ಮ, ಏನು ಬೇಕು?"

"ಸೊಸೆ ಓಡ್ಸೋ ಗಾಡೀಲಿ ಇವತ್ತು ಬತ್ತೀನಿ ಅಂತ ತಾಯಿಗೆ ಮಾತು ಕೊಟ್ಟಿವ್ನಿ," ಎಂದರು ಅವರು. ಕಣ್ಣು ಕರಿ ಆನೆಯ ಮೇಲೆ ನಿಂತಿತ್ತು. "ಅದ್ರ ಕೀಲು ಎಂಗದೆ?"

ನಾನು ಅದರಡಿಯೂ ಬಗ್ಗಿ ನೋಡಿದೆ. ಬಡಿದೆ. ಅಲ್ಲಾಡಿಸಿದೆ. ಸ್ವಂತದ್ದಲ್ಲವೇ, ಚೆನ್ನಾಗಿ ಇಟ್ಟುಕೊಂಡಿದ್ದ.

"ಫಸ್ಟ್ ಕ್ಲಾಸ್!" ಎಂದೆ. "ರಾಜೇಶ್, ಕೀ ಕೊಡು. ನೀನೂ ಹತ್ತು. ಕಾಲು ಜಾರಿದ ವಿಷಯ ನಾಳೆ ಸ್ಟೇಷನ್ನಲ್ಲಿ ಮಾತಾಡೋಣ."

ಹೀಗೆ ನಾವು ಬೆಟ್ಟ ಹತ್ತಿದೆವು. ಮುಂದಿನ ಸೀಟಿನಲ್ಲಿ ಬೆಟ್ಟಮ್ಮ, ಮಹಾರಾಣಿಯ ಹಾಗೆ. ಹಿಂದೆ ನಾನು, ಪಕ್ಕದಲ್ಲಿ ರಾಜೇಶ. ಸ್ಟಿಯರಿಂಗ್ ಮುಂದೆ ಅಕ್ಷತಾ. ಕೆನ್ನೆಯ ಮೇಲೆ ಇನ್ನೂ ಕಣ್ಣೀರಿನ ಗುರುತು, ಮುಖದಲ್ಲಿ ನಗು.

ಮೊದಲ ತಿರುವು. ಗಾಡಿ ಬಂಡೆಯ ಕಡೆ ಹೋಯಿತು. ಆಮೇಲೆ ಏನೂ ಇಲ್ಲದ ಕಡೆ ಹೋಯಿತು. ಆಮೇಲೆ ರಸ್ತೆಗೆ ಬಂತು.

ಎರಡನೆಯ ತಿರುವಿನಲ್ಲಿ ಒಂದು ಬಸ್ಸು ನಮ್ಮನ್ನು ನೋಡಿ ತಾನೇ ಪಕ್ಕಕ್ಕೆ ನಿಂತುಬಿಟ್ಟಿತು.

ರಾಜೇಶ ಕಣ್ಣು ಮುಚ್ಚಿ ಮಂತ್ರ ಹೇಳತೊಡಗಿದ. ನಾನು ಸೀಟ್‌ಬೆಲ್ಟ್ ಬಿಗಿ ಮಾಡಿಕೊಂಡೆ. ಕಾರಿನ ಕೀಲೆಲ್ಲ ನೋಡಿದ್ದೆ ಸ್ವಾಮಿ... ಡ್ರೈವರ್ ಒಬ್ಬಳನ್ನು ನೋಡಿರಲಿಲ್ಲ!

"ಅಕ್ಷತಾ," ಎಂದೆ, ದನಿಯನ್ನು ತಹಬಂದಿಗೆ ತಂದುಕೊಂಡು. "ಡ್ರೈವಿಂಗ್ ಎಲ್ಲಿ ಕಲಿತ್ರಿ?"

"ರಾಜೇಶಣ್ಣನ ಹತ್ರಾನೇ ಮೇಡಂ! ಕಾರು ತಗೊಂಡ್ರೆ ಪಾಠ ಉಚಿತ ಅಂದ್ರು. ಮೂರೇ ಕ್ಲಾಸು. ಸಾಕು, ಎಕ್ಸ್‌ಪರ್ಟ್ ಆಗ್ಬುಟ್ರಿ ಅಂದ್ರು!"

"ಬೆಟ್ಟ ಹತ್ತೋದು ಹೇಳ್ಕೊಟ್ಟಿದ್ದಾನಾ?"

"ಅದು ಮೂರನೇ ಕ್ಲಾಸು ಮೇಡಂ. ಇಳಿಯೋದು ನಾಲ್ಕನೇ ಕ್ಲಾಸು. ಅದು ತಗೊಳ್ಳಲೇ ಇಲ್ಲ."

ರಾಜೇಶನ ಮಂತ್ರ ಜೋರಾಯಿತು. ಬೆಟ್ಟದ ತುದಿಯಲ್ಲಿ ಹೇಗೋ ನಿಂತೆವು. ಬೆಟ್ಟಮ್ಮನ ಕೈ ಹಿಡಿದು ಇಳಿಸಿಕೊಂಡೆ. ಮುಂದಿನ ಸೀಟಿನ ಬಾಗಿಲನ್ನು ತೆರೆದೇ ಹಿಡಿದು ರಾಜೇಶನನ್ನು ಕರೆದೆ.

"ನಾನೂ ಬೆಟ್ಟಮ್ಮನೂ ಬಸ್ಸಲ್ಲಿ ಇಳೀತೀವಿ. ಅಕ್ಷತಾ ಪಕ್ಕ ಕೂತು ನಾಲ್ಕನೇ ಕ್ಲಾಸು ನೀನೇ ತಗೋ, ಮೇಷ್ಟ್ರೇ!"